ಬೇಳೆ ಬೇಯುವ ನೀರು

ಗುಬ್ಬಿ ಸೀಮೆಯಲ್ಲಿ ಮದುವೆಯ ಅಡಿಗೆಗೆ ಒಲೆ ಹೊತ್ತಿಸುವ ಮೊದಲು ಪುಟ್ಟತಾಯಮ್ಮನ ಕೈಗೆ ಒಂದು ಲೋಟ ನೀರು ಕೊಡುವುದು ಒಂದು ಕಾಲಕ್ಕೆ ಶಾಸ್ತ್ರವೇ ಆಗಿಹೋಗಿತ್ತು. ಆಕೆ ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ಉಗುಳಿ, ಇದರಲ್ಲಿ ಬೇಳೆ ಬೇಯುವುದಿಲ್ಲ ಎಂದರೆ ಮುಗಿಯಿತು. ಹೆಣ್ಣಿನ ಕಡೆಯವರು ಬಾಯಿ ಮುಚ್ಚಿಕೊಂಡು ಎತ್ತಿನ ಗಾಡಿಗೆ ಡ್ರಮ್ಮು ಹೇರಿಕೊಂಡು ಬೇರೆ ಬಾವಿಗೆ ಹೋಗುತ್ತಿದ್ದರು. ಪುರೋಹಿತರ ಮುಹೂರ್ತ ತಪ್ಪಬಹುದು, ಪುಟ್ಟತಾಯಮ್ಮನ ನಾಲಿಗೆ ತಪ್ಪುವುದಿಲ್ಲ ಎಂಬ ಮಾತು ಹುಟ್ಟಿದ್ದು ಹಾಗೆ. ಆ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ಹೆಚ್ಚು ಸಲ ಆಡಿದವಳು ಮಾತ್ರ ಪುಟ್ಟತಾಯಮ್ಮನೇ.

ಅವಳು ಹುಟ್ಟಿದ್ದು ಕುಣಿಗಲ್ ಕೆರೆಯ ಕೆಳಗಿನ ಹಳ್ಳಿಯೊಂದರಲ್ಲಿ. ಅಲ್ಲಿ ಗದ್ದೆಯ ಬದುವಿನಲ್ಲಿ ಕಾಲಿಟ್ಟರೆ ನೀರು ಜಿನುಗುತ್ತಿತ್ತು. ಕೊಟ್ಟಿದ್ದು ಗುಬ್ಬಿಯ ಆಚೆಗಿನ ಅರೆಪಾಳ್ಯಕ್ಕೆ. ಅರೆ ಎಂದರೆ ಹಾಸುಬಂಡೆ, ಹೆಸರಿಗೆ ತಕ್ಕ ಹಾಗೆ ಅಲ್ಲಿ ಮಾರುದ್ದ ಅಗೆದರೆ ಬಂಡೆ, ಬಂಡೆ ಬಿಟ್ಟರೆ ಜಲ್ಲಿ. ನೀರು ಕಾಣದ ಊರಿಗೆ ಹೆಣ್ಣು ಕೊಟ್ಟರಲ್ಲ ಎಂದು ತವರಿನವರನ್ನು ಬೈಯುತ್ತಲೇ ಸಂಸಾರ ಮಾಡಿದಳು. ಗಂಡ ಚಿಕ್ಕರಂಗಯ್ಯ ಒಂದಿಷ್ಟು ತೆಂಗು, ಎರಡು ಹೊಲ ರಾಗಿ ಬಿಟ್ಟು, ಮಗಳು ಹೊಟ್ಟೆಯಲ್ಲಿರುವಾಗಲೇ ಹಾವು ಕಚ್ಚಿ ತೀರಿಕೊಂಡ. ದೊಡ್ಡವನು ಅಂಜನಮೂರ್ತಿಯನ್ನು ಓದಲಿಕ್ಕೆ ಅಂತ ಕುಣಿಗಲ್ಲಿನ ಸೋದರಮಾವನ ಮನೆಗೆ ಕಳಿಸಿ, ನೆಂಟರ ಮದುವೆಗಳಲ್ಲಿ ಮೊದಲಿಂದಲೂ ಹಿಡಿದು ಹೆಸರಾಗಿದ್ದ ಸೌಟನ್ನೇ ಪುಟ್ಟತಾಯಮ್ಮ ಹೊಟ್ಟೆಪಾಡಿಗೆ ಹಿಡಿದಳು. ಗಂಡಸರ ಮುಂದೆ ತಲೆ ಬಗ್ಗಿಸಿ ನಡೆಯಬೇಕಾದ ವಿಧವೆ, ನೀರಿನ ವಿಷಯ ಬಂದರೆ ಮಾತ್ರ ಗಂಡಸರಿಗೇ ಅಪ್ಪಣೆ ಕೊಡುತ್ತಿದ್ದಳು. ಆ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು.

ಎಪ್ಪತ್ಮೂರರ ಬರದಲ್ಲಿ ಊರ ಬಾವಿಯ ತಳದಲ್ಲಿ ಕಪ್ಪೆಯೂ ಉಳಿಯಲಿಲ್ಲ. ಸರ್ಕಾರದ ಲಾರಿ ಬಂದು ಎರಡು ಬೋರಿಂಗು ಕೊರೆಯಿತು. ಒಂದು ಅರಳಿಮರದ ಕೆಳಗೆ, ಇನ್ನೊಂದು ಹಳ್ಳದಾಚೆ, ಹರಿಜನರ ಕಾಲೋನಿಗೂ ಊರಿಗೂ ನಡುವೆ. ಎರಡರಲ್ಲೂ ನೀರು ಬಂತು. ಆದರೆ ಕುಡಿಯುವುದು ಯಾವುದು, ದನಕ್ಕೆ ಯಾವುದು? ಊರಿನ ಯಜಮಾನ ರಾಮಾಂಜಿನಯ್ಯ ಮೀಸೆ ನೀವಿಕೊಂಡು, ಪುಟ್ಟತಾಯಕ್ಕನೇ ಹೇಳಲಿ ಅಂದ.

ಅವಳು ಅರಳಿಕಟ್ಟೆಯ ಪಕ್ಕ ಎರಡು ಒಲೆ ಹೂಡಿದಳು. ಒಂದೇ ಸೇರಿನ ತೊಗರಿಬೇಳೆ, ಒಂದೇ ಹೊರೆಯ ಸೌದೆ, ಎರಡು ಮಡಕೆ. ಮಗಳು ಹನುಮಕ್ಕ ಆಗ ಎಳೆ ಕೂಸು, ಸೊಂಟದ ಮೇಲಿತ್ತು. ಊರೇ ಸುತ್ತ ಕೂತು ನೋಡಿತು. ಅರಳಿಮರದ ನೀರಿನಲ್ಲಿ ಬೇಳೆ ಎರಡು ಕುದಿಗೇ ಒಡೆದು ಬೆಣ್ಣೆಯಾಯಿತು. ಹಳ್ಳದಾಚೆಯ ನೀರಿನಲ್ಲಿ ಎಷ್ಟು ಸೌದೆ ಸುರಿದರೂ ಕಾಳು ಕಾಳಾಗಿಯೇ ಉಳಿದು ಕಲ್ಲಿನ ಹಾಗೆ ತಳ ಬಡಿಯಿತು. ಸೋಪು ಹಾಕಿದರು, ಅರಳಿಮರದ ನೀರಿನಲ್ಲಿ ಮೊಣಕೈವರೆಗೆ ನೊರೆ. ಹಳ್ಳದಾಚೆಯದರಲ್ಲಿ ಬರೀ ಮೊಸರೊಡೆದ ಹಾಗೆ ಚೂರು. ಬಾಯಿಗೆ ಹಾಕಿದರೆ ಇದು ಸಿಹಿ, ಅದು ಸವಳು. ಇನ್ನೇನು ಬೇಕು? ಬೇಳೆ ಬೇಯುವ ನೀರು ಮನುಷ್ಯರಿಗೆ, ಬೇಯದ ನೀರು ದನಕ್ಕೆ ಎಂದು ಪುಟ್ಟತಾಯಮ್ಮ ತೀರ್ಪು ಕೊಟ್ಟಳು.

ದನಕ್ಕೆ ಎಂದ ಮೇಲೆ ಕಾಲೋನಿಗೂ ಅದೇ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಾಲೋನಿಯ ಹಿರಿಯ ಕಾಳಯ್ಯ ಮಾತ್ರ ಮಾರು ದೂರದಲ್ಲಿ ನಿಂತು, ಮನೆಗೊಂದು ಬಿಂದಿಗೆಯಾದರೂ ಸೀನೀರು ಕೊಡಿಸಿ, ಮಕ್ಕಳಿಗೆ ಅಂತ ಕೇಳಿದ. ಸವಳು ಕುಡಿದರೆ ಯಾರೂ ಸಾಯುವುದಿಲ್ಲ ಎಂದಳು ಪುಟ್ಟತಾಯಮ್ಮ. ಸುತ್ತ ಕೂತವರು ನಕ್ಕರು. ಕಾಳಯ್ಯನೂ ನಗಬೇಕಾಯಿತು.

ಮುಂದಿನ ಹನ್ನೆರಡು ಹದಿಮೂರು ವರ್ಷ ಅರೆಪಾಳ್ಯಕ್ಕೆ ಸುಗ್ಗಿ. ದೊಡ್ಡ ಕೆರೆಯ ಗೂಳೂರಿನಿಂದ ಬಂದ ಬೀಗರು ಕೂಡ ಇಲ್ಲಿಯ ಸಾರು ಕುಡಿದು, ಎಂಥಾ ನೀರು ಸ್ವಾಮಿ ಎಂದು ತಲೆದೂಗುತ್ತಿದ್ದರು. ಹೋಗುವಾಗ ಕ್ಯಾನು ತುಂಬಿಕೊಂಡು ಹೋದವರೂ ಉಂಟು. ಪುಟ್ಟತಾಯಮ್ಮನಂತೂ ಆ ಬೋರಿಂಗನ್ನು ತಾನೇ ಹೆತ್ತ ಹಾಗೆ ಆಡುತ್ತಿದ್ದಳು. ಶುಕ್ರವಾರ ಶುಕ್ರವಾರ ಅದರ ಹಿಡಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು.

ಹನುಮಕ್ಕನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವು ಸುಣ್ಣ ಬಳಿದ ಹಾಗಿದ್ದವು. ಆಮೇಲೆ ಒಂದೊಂದಾಗಿ ಕಂದು ಗೆರೆ ಮೂಡಿದವು. ಇದ್ದಿಲಲ್ಲಿ ಉಜ್ಜು ಅಂದರೆ ಉಜ್ಜುವುದಿಲ್ಲ, ಸೋಮಾರಿ ಎಂದು ತಾಯಿ ಬೆನ್ನಿಗೆ ಗುದ್ದಿದಳು. ಹುಡುಗಿ ವಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದಳು, ಹೋಗಲಿಲ್ಲ. ಊರಿನ ಮಕ್ಕಳ ಹಲ್ಲೆಲ್ಲ ಹಾಗೇ ಇದ್ದುದರಿಂದ ಕ್ರಮೇಣ ಅದು ಹಲ್ಲಿನ ಬಣ್ಣವೇ ಇರಬೇಕು ಎಂದು ಎಲ್ಲರೂ ಸುಮ್ಮನಾದರು. ಶಾಲೆಯಲ್ಲಿ ಫೋಟೋ ತೆಗೆಸಿದಾಗ ಮಕ್ಕಳೆಲ್ಲ ಬಾಯಿ ಬಿಗಿಹಿಡಿದು ನಿಂತಿದ್ದವು.

ಹಲ್ಲಿಗೆ ಸುಮ್ಮನಾದ ಹಾಗೆ ಕಾಲಿಗೆ ಸುಮ್ಮನಾಗಲು ಬರಲಿಲ್ಲ. ಹನುಮಕ್ಕನಿಗೆ ಹತ್ತು ತುಂಬುವ ಹೊತ್ತಿಗೆ ಮಂಡಿಗಳು ಒಳಗೆ ಬಾಗಿ ಒಂದಕ್ಕೊಂದು ಬಡಿಯತೊಡಗಿದವು. ಪಾದಗಳು ಎರಡು ದಿಕ್ಕಿಗೆ ಹೊರಟವು. ನಡೆದರೆ ಲಂಗದ ಅಂಚು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ನೆಲ ಗುಡಿಸುತ್ತಿತ್ತು. ಮೂಳೆ ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಕಾಲು ನೆಟ್ಟಗೆ ಬಿಗಿದ, ಹುಡುಗಿ ಮೂರು ದಿನ ಕಿರುಚಿದಳು. ತುಮಕೂರಿನ ಬಟವಾಡಿಯಲ್ಲಿ ಒಬ್ಬ ಡಾಕ್ಟರು ಶಕ್ತಿ ಸಾಲದು ಎಂದು ಕೆಂಪು ಟಾನಿಕ್ಕು ಬರೆದುಕೊಟ್ಟರು. ಟಾನಿಕ್ಕಿನ ಜೊತೆಗೆ ಪುಟ್ಟತಾಯಮ್ಮ ತನ್ನದೂ ಒಂದು ಔಷಧಿ ಸೇರಿಸಿದಳು. ನಮ್ಮೂರ ನೀರು ಅಮೃತ, ಹೊಟ್ಟೆ ತುಂಬ ಕುಡಿ, ಮೂಳೆ ಗಟ್ಟಿಯಾಗುತ್ತೆ ಎಂದು ಹೊತ್ತು ಹೊತ್ತಿಗೆ ಚೊಂಬು ತುಂಬಿ ಎದುರು ನಿಂತು ಕುಡಿಸಿದಳು. ಹುಡುಗಿ ಸಾಕು ಅಂದರೆ ತಲೆಗೆ ಮೊಟಕಿ ಕುಡಿಸಿದಳು.

ಪುಟ್ಟತಾಯಮ್ಮನ ಕತ್ತೂ ಅಷ್ಟು ಹೊತ್ತಿಗೆ ಸೆಟೆದುಕೊಂಡಿತ್ತು. ಹಿಂದೆ ಯಾರಾದರೂ ಕರೆದರೆ ಕಂಬದ ಹಾಗೆ ಇಡೀ ಮೈ ತಿರುಗಿಸಿ ನೋಡಬೇಕಿತ್ತು. ಒಲೆಯ ಮುಂದೆ ಬಗ್ಗಿ ಬಗ್ಗಿ ಹೀಗಾಯಿತು ಎಂದುಕೊಂಡಳು. ಊರಿನಲ್ಲಿ ಅರ್ಧ ಜನ ಬೆನ್ನು ಹಿಡಿದುಕೊಂಡು ಏಳುತ್ತಿದ್ದರು. ಒಬ್ಬರಿಗೆ ಹೊಲದ ಕೆಲಸ, ಇನ್ನೊಬ್ಬರಿಗೆ ಬಾಣಂತನದ ವಾತ, ಮತ್ತೊಬ್ಬರಿಗೆ ಯಾರೋ ಮಾಡಿಸಿದ್ದು. ಕಾರಣಗಳಿಗೇನು ಬರಗಾಲವೇ? ಹಳ್ಳದಾಚೆ ಕಾಲೋನಿಯ ಮಕ್ಕಳು ಬಿಳಿ ಹಲ್ಲು ಬಿಟ್ಟು ನಗುತ್ತ, ನೆಟ್ಟ ಕಾಲಲ್ಲಿ ಮರ ಹತ್ತುತ್ತಿದ್ದವು. ಅದೂ ದಿನಾ ಕಣ್ಣಿಗೆ ಬೀಳುತ್ತಿತ್ತು. ಆದರೆ ಕಾಲೋನಿಯನ್ನು ನೋಡಿ ಕಲಿಯುವುದು ಏನಾದರೂ ಇದ್ದೀತು ಎಂಬ ಯೋಚನೆ ಆ ಊರಿಗೆ ಹೊಳೆಯುವಂಥದಲ್ಲ.

ಎಂಬತ್ತೈದರಲ್ಲಿ ಅಂಜನಮೂರ್ತಿಗೆ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತು. ಮದುವೆಯೂ ಆಯಿತು. ಕೆರೆಯ ನೀರು ಕುಡಿದು ಬೆಳೆದ ಅವನು ತೇಗದ ಮರದ ಹಾಗೆ ನೆಟ್ಟಗಿದ್ದ. ಹೆಂಡತಿ ರಂಗಲಕ್ಷ್ಮಮ್ಮನನ್ನು ಅವ್ವನ ಹತ್ತಿರ ಬಿಟ್ಟು ವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಿದ್ದ. ಮುಂದಿನ ವರ್ಷ ಗಂಡು ಮಗು. ಪುಟ್ಟತಾಯಮ್ಮ ಆ ಮಗುವನ್ನು ನೆಲಕ್ಕೆ ಬಿಡಲಿಲ್ಲ. ಹನುಮಕ್ಕನಿಗೆ ಒಂದು ಸಲವೂ ಸಿಗದ ಮುದ್ದು ಅದಕ್ಕೆ ಹೊತ್ತಿಗೆ ಹತ್ತು ಸಲ ಸಿಗುತ್ತಿತ್ತು. ಹುಡುಗಿ ತೊಟ್ಟಿಲು ತೂಗುತ್ತ ಅದನ್ನೆಲ್ಲ ನೋಡುತ್ತಿದ್ದಳು.

ಮಗು ಅಂಬೆಗಾಲಿಡುವ ಹೊತ್ತಿಗೆ ತುಮಕೂರಿನಿಂದ ಜೀಪಿನಲ್ಲಿ ಒಬ್ಬ ಎಂಜಿನಿಯರು ಬಂದು ಎರಡೂ ಬೋರಿಂಗಿನ ನೀರನ್ನು ಬಾಟ್ಲಿಗೆ ತುಂಬಿಕೊಂಡು ಹೋದ. ತಿಂಗಳು ಕಳೆದು ಮತ್ತೆ ಬಂದವನು ಅರಳಿಮರದ ಬೋರಿಂಗಿಗೆ ಕೆಂಪು ಬಣ್ಣ ಬಳಿಸಿದ. ಊರನ್ನೆಲ್ಲ ಕಟ್ಟೆಯ ಹತ್ತಿರ ಕೂರಿಸಿ, ಈ ನೀರಲ್ಲಿ ಫ್ಲೋರೈಡು ಅನ್ನುವ ವಿಷ ಇದೆ, ಅದು ಮೂಳೆಗೆ ಇಳಿದು ಕೂರುತ್ತೆ, ಹಲ್ಲು ಕೆಡೋದು ಕಾಲು ಬಾಗೋದು ಎಲ್ಲ ಅದರಿಂದಲೇ ಎಂದ. ರಾಮಾಂಜಿನಯ್ಯ ನಂಬಲಿಲ್ಲ. ಇಷ್ಟು ಚೆನ್ನಾಗಿ ಬೇಳೆ ಬೇಯುತ್ತಲ್ಲ ಸ್ವಾಮಿ ಎಂದ.

"ಬೇಳೆ ಗಟ್ಟಿಯಾಗೋದು ನೀರಲ್ಲಿ ಸುಣ್ಣ ಇದ್ರೆ. ಆ ಸುಣ್ಣ ಇರೋ ಕಡೆ ಈ ವಿಷ ಸಾಮಾನ್ಯವಾಗಿ ಕಡಿಮೆ. ನೀವು ಬೇಳೆ ನೋಡಿ ಆರಿಸ್ಕೊಂಡಿದ್ದೇ ತಪ್ಪಾಗಿರೋದು," ಎಂದ ಎಂಜಿನಿಯರು. "ಹಳ್ಳದಾಚೆ ಪಂಪಿನ ನೀರು ಚೆನ್ನಾಗಿದೆ. ಮಕ್ಕಳಿಗಾದ್ರೂ ಅದನ್ನ ಕುಡಿಸಿ."

ವಿಷ ಎಂಬುದಕ್ಕಿಂತ ಹಳ್ಳದಾಚೆ ಎಂಬುದು ಊರಿನವರಿಗೆ ಹೆಚ್ಚು ಚುಚ್ಚಿತು. ಜೀಪು ಹೋದ ಮೇಲೆ ಎಲ್ಲರ ಕಣ್ಣೂ ಪುಟ್ಟತಾಯಮ್ಮನ ಕಡೆ ತಿರುಗಿದವು. ನೀನೇನಂತೀಯ ಅಕ್ಕಯ್ಯ ಎಂದು ರಾಮಾಂಜಿನಯ್ಯ ಕೇಳಿದ.

ಹೌದು ಎಂದುಬಿಟ್ಟಿದ್ದರೆ ಆವತ್ತಿನಿಂದಲೇ ಊರು ಹಳ್ಳ ದಾಟಬೇಕಾಗುತ್ತಿತ್ತು. ಗೊಣಗಿಕೊಂಡಾದರೂ ದಾಟುತ್ತಿತ್ತು, ಅವಳ ಮಾತಿಗೆ ಅಷ್ಟು ತೂಕವಿತ್ತು. ಆದರೆ ಹೌದು ಎಂದರೆ ಊರಿನ ಬಗ್ಗಿದ ಕಾಲುಗಳೆಲ್ಲ ಅವಳ ತಲೆಗೆ ಬರುತ್ತಿದ್ದವು. ಗುಂಪಿನ ಅಂಚಿನಲ್ಲಿ ಕೋಲು ಹಿಡಿದು ಕೂತಿದ್ದ ಹನುಮಕ್ಕನ ಕಾಲು ಎಲ್ಲಕ್ಕಿಂತ ಮೊದಲು. ನಾಳೆ ಯಾವ ಮದುವೆ ಮನೆಯಲ್ಲಿ ಯಾರು ಅವಳ ಕೈಗೆ ನೀರು ಕೊಡುತ್ತಾರೆ? ಪುಟ್ಟತಾಯಮ್ಮ ಎದ್ದು ನಿಂತಳು. ಮಾತು ಸಲೀಸಾಗಿ ಬಂತು.

"ಬಾಟ್ಲೀಲಿ ನೀರು ನೋಡೋನಿಗೆ ಬಾಯಲ್ಲಿ ನೀರು ನೋಡೋದು ಗೊತ್ತಾ? ಬೇಳೆ ಬೇಯದಿರೋ ನೀರು ಹೊಟ್ಟೇಲಿ ಅನ್ನ ಬೇಯಿಸ್ತದಾ?"

ಜನಕ್ಕೆ ಬೇಕಾಗಿದ್ದೂ ಅದೇ. ಮೂರ್ಖನೂ ಜಂಬಗಾರನೂ ಒಂದೇ ಕಡೆ ವಾಲಿದರೆ ತಡೆಯುವವರು ಯಾರು? ಸಂಜೆಯೊಳಗೆ ಸೀಮೆಎಣ್ಣೆಯಲ್ಲಿ ತೆಂಗಿನ ನಾರು ಅದ್ದಿ ಬೋರಿಂಗಿನ ಕೆಂಪು ಬಣ್ಣ ಉಜ್ಜಿ ತೆಗೆದರು.

ಬಣ್ಣ ಹೋಯಿತು, ಪುಟ್ಟತಾಯಮ್ಮನ ಎದೆಯೊಳಗೆ ಬಿದ್ದದ್ದು ಹೋಗಲಿಲ್ಲ. ಮನೆಗೆ ಬಂದರೆ ಮೊಮ್ಮಗ ಗೋಡೆ ಹಿಡಿದು ಎದ್ದು ನಿಂತಿದ್ದ. ಆ ಎರಡು ಪುಟ್ಟ ಕಾಲು ನೆಟ್ಟಗೆ, ಮೆತ್ತಗೆ, ಹೊಸದಾಗಿ ಇದ್ದವು. ಇವನ ಕಾಲೂ ಹಾಗಾದರೆ? ಎಂಜಿನಿಯರು ಹೇಳಿದ್ದು ನಿಜ ಎಂದು ಅವಳ ನಾಲಿಗೆಗೆ ಗೊತ್ತಾಗದಿದ್ದರೂ ಹೊಟ್ಟೆಗೆ ಗೊತ್ತಾಗಿತ್ತು. ಮಾರನೆಯ ದಿನ ನಸುಕಿನಲ್ಲಿ ಸೆರಗಿನಡಿ ಒಂದು ತಂಬಿಗೆ ಇಟ್ಟುಕೊಂಡು ಹೊಲದ ಕಡೆ ಹೋಗುವವಳ ಹಾಗೆ ಹೊರಟು ಹಳ್ಳ ಇಳಿದಳು.

ಕಾಲೋನಿಯ ಪಂಪಿನ ಹತ್ತಿರ ಕಾಳಯ್ಯನ ಸೊಸೆ ನಿಂಗಮ್ಮ ನೀರು ಹಿಡಿಯುತ್ತಿದ್ದಳು. ಊರಿನ ಹೆಂಗಸು ಪಂಪಿನ ಮುಂದೆ ಬಂದು ನಿಂತಿದ್ದು ಕಂಡು ಆಕೆಯ ಕೈ ಹಿಡಿಯ ಮೇಲೇ ನಿಂತಿತು. ಪುಟ್ಟತಾಯಮ್ಮ ತಂಬಿಗೆಯನ್ನು ಕಲ್ಲಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ನಿಂಗಮ್ಮನೇ ತಂಬಿಗೆ ತೊಳೆದು ತುಂಬಿ, ಕೈ ತಾಗದ ಹಾಗೆ ಕಲ್ಲಿನ ಮೇಲೆ ಮತ್ತೆ ಇಟ್ಟಳು.

"ಯಾರ್ಗೂ ಹೇಳ್ಬ್ಯಾಡ ನಿಂಗಿ," ಎಂದಳು ಪುಟ್ಟತಾಯಮ್ಮ.

"ನಾವು ಹೇಳಿದ್ರೆ ಕೇಳೋರ್ಯಾರು ಅಮ್ಮಾರೆ," ಎಂದಳು ನಿಂಗಮ್ಮ.

ಅಂದಿನಿಂದ ಅದು ನಿತ್ಯದ ಕೆಲಸವಾಯಿತು. ಹೊತ್ತು ಹುಟ್ಟುವ ಮೊದಲು ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ಸೊಸೆಗೆ, ಇದು ಓಮ ಹಾಕಿ ಕಾಯಿಸಿ ಆರಿಸಿದ ನೀರು, ಮಗುವಿಗೆ ಇದನ್ನು ಬಿಟ್ಟು ಬೇರೆ ಕೊಡಬೇಡ ಎಂದು ಹೇಳಿದ್ದಳು. ಅತ್ತೆಯ ಮಾತು ಎಂದರೆ ರಂಗಲಕ್ಷ್ಮಮ್ಮನಿಗೆ ವೇದ. ಹಗಲೆಲ್ಲ ಅರಳಿಕಟ್ಟೆಯಲ್ಲಿ ಕೂತು ಎಂಜಿನಿಯರನ್ನು ಆಡಿಕೊಂಡು, ಊರ ಮಕ್ಕಳಿಗೆಲ್ಲ ಬೋರಿಂಗಿನ ನೀರು ಕುಡಿಸಿ ಎಂದು ಉಪದೇಶ ಮಾಡಿ, ಸಂಜೆ ತನ್ನ ಮೊಮ್ಮಗನಿಗೆ ಬೇರೆ ನೀರು ತಂದು ಕುಡಿಸುತ್ತಿದ್ದಳು. ತನ್ನ ಬೇಳೆ ಬೇಯಿಸಿಕೊಳ್ಳುವುದು ಎಂದರೆ ಇದೇ ಇರಬೇಕು.

ಮೊದಲು ಕಂಡುಕೊಂಡವಳು ಹನುಮಕ್ಕ. ಓಡಾಡಲಾಗದವರಿಗೆ ಕಣ್ಣು ಚುರುಕು. ಹದಿನಾಲ್ಕು ತುಂಬಿದ ಹುಡುಗಿ, ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು, ಅವ್ವ ಹಳ್ಳ ಹತ್ತಿ ಬರುವುದನ್ನು ನೋಡಿದಳು. ಮಗುವಿನ ತಂಬಿಗೆಯಿಂದ ಒಂದು ಗುಟುಕು ಕುಡಿದು ನೋಡಿದಳು. ಸವಳು. ಓಮದ ವಾಸನೆಯೇ ಇಲ್ಲ. ತಾಯಿಯ ನಾಲಿಗೆಯಲ್ಲಿ ಅರ್ಧ ಅವಳಿಗೂ ಬಂದಿತ್ತು.

ಸೊಸೆ ಕೊಟ್ಟಿಗೆಗೆ ಹೋದ ಹೊತ್ತು ನೋಡಿ ಕೇಳಿದಳು. ಹಾಗಾದ್ರೆ ಎಂಜಿನಿಯರು ಹೇಳಿದ್ದು ನಿಜವಾ ಅವ್ವ ಎಂದಳು. ಪುಟ್ಟತಾಯಮ್ಮ ಇನ್ನೊಂದು ಸೊಪ್ಪಿನ ಕಟ್ಟು ಬಿಚ್ಚಿದಳು. ಹಾಗಾದ್ರೆ ನಂಗೂ ಒಂದು ತಂಬಿಗೆ ತಾ ಎಂದಳು ಹುಡುಗಿ. ಆಗ ಬಂತು ಮಾತು.

"ನಿಂಗೆ ಆಗೋದೆಲ್ಲ ಆಗೋಗದೆ ಕಣೇ. ಎರಡು ತಂಬಿಗೆ ಹಿಡ್ಕೊಂಡು ಓಡಾಡಿದ್ರೆ ಜನ ನೋಡ್ತಾರೆ. ಅವನ ಕಾಲಾದ್ರೂ ನೆಟ್ಟಗಿರ್ಲಿ ಬುಡು."

ಆ ಹೆಂಗಸು ಇದನ್ನು ಕೆಟ್ಟತನಕ್ಕೆ ಹೇಳಲಿಲ್ಲ. ಲೆಕ್ಕದ ಮಾತು ಹೇಳುವ ಹಾಗೆ, ಸೊಪ್ಪು ಸೋಸುತ್ತ ಹೇಳಿದಳು. ಅದಕ್ಕೇ ಅದು ಅಷ್ಟು ಹೇಸಿಗೆಯ ಮಾತು. ಹನುಮಕ್ಕ ಸುಲಿದ ಕಾಳನ್ನು ಮೊರಕ್ಕೆ ಸುರಿದು ಎದ್ದು ಹೋದಳು.

ಮಾರನೆಯ ಮಧ್ಯಾಹ್ನ, ಊರು ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದಾಗ, ಹನುಮಕ್ಕ ಕೋಲೂರಿಕೊಂಡು ನಡುಬೀದಿಯಲ್ಲಿ ನಡೆದು, ಹಳ್ಳ ಇಳಿದು, ಹತ್ತಿ, ಕಾಲೋನಿಯ ಪಂಪಿನ ಮುಂದೆ ನಿಂತಳು. ನಿಂಗಮ್ಮ ಬೇಡ ಮಗ ಎಂದಳು. ಹುಡುಗಿ ಕೇಳಲಿಲ್ಲ. ತಾನೇ ಹಿಡಿ ಒತ್ತಲು ಹೋಗಿ ಬಿದ್ದಾಗ ನಿಂಗಮ್ಮನೇ ಒತ್ತಿದಳು. ಹನುಮಕ್ಕ ಬೊಗಸೆಯೊಡ್ಡಿ, ಎದೆಯೆಲ್ಲ ನೆನೆಯುವ ಹಾಗೆ ಕುಡಿದಳು. ಊರಿಗೆ ಊರೇ ನೋಡಿತು.

ಸಂಜೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಕಾಲೋನಿಯವರು ಹಳ್ಳದ ದಂಡೆಯಲ್ಲಿ ನಿಂತಿದ್ದರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಯಾಕಮ್ಮಿ ಹಿಂಗೆ ಮಾಡ್ದೆ, ಕುಲಗೆಟ್ಟೋಳೆ, ಎಂದು ರಾಮಾಂಜಿನಯ್ಯ ಗುಡುಗಿದ. ಹನುಮಕ್ಕ ಕಟ್ಟೆಯ ಕೆಳಗೆ ನೆಲದಲ್ಲಿ ಕಾಲು ಚಾಚಿ ಕೂತಿದ್ದಳು, ಮಡಚಿ ಕೂರಲು ಅವಳಿಗೆ ಬರುತ್ತಿರಲಿಲ್ಲ. ಕೂತಲ್ಲಿಂದಲೇ ಹೇಳಿದಳು.

"ನಮ್ಮವ್ವ ಮೊಮ್ಮಗಂಗೆ ದಿನಾ ಅಲ್ಲಿಂದ್ಲೇ ತತ್ತಾವ್ಳೆ. ಈ ನೀರು ವಿಷ ಅಂತ ಅವ್ಳಿಗೆ ಗೊತ್ತು. ನಿಮ್ಮ ಮಕ್ಳಿಗೂ ಅಲ್ಲಿಂದ್ಲೇ ತಂದು ಕುಡಿಸ್ರಿ."

ಕಟ್ಟೆಯಲ್ಲಿ ಗದ್ದಲವಾಯಿತು. ಮಡಿಲಲ್ಲಿ ಕೂಸು ಇಟ್ಟುಕೊಂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟತಾಯಮ್ಮ ಸುಳ್ಳು ಎಂದಳು. ಕಾಲು ಕುಂಟಾದ ಹೊಟ್ಟೆಕಿಚ್ಚಿಗೆ ಮಗಳು ಹೀಗೆ ಆಡುತ್ತಾಳೆ ಎಂದಳು. ಆದರೆ ಕೆಲವರಿಗೆ ಅನುಮಾನ ಹತ್ತಿತ್ತು, ನಸುಕಿನಲ್ಲಿ ಆಕೆ ಹಳ್ಳದ ಕಡೆ ಹೋಗುವುದನ್ನು ಕಂಡವರಿದ್ದರು. ಹಾಗಾದರೆ ಆಣೆ ಇಡು ಎಂದ ರಾಮಾಂಜಿನಯ್ಯ. ನಮ್ಮ ಕಡೆ ದೇವರ ಮೇಲಿನ ಆಣೆಗೆ ಅಂಥ ಬೆಲೆಯಿಲ್ಲ, ದೇವರು ತಡೆದುಕೊಳ್ಳುತ್ತಾನೆ. ಮಗುವಿನ ತಲೆ ಮುಟ್ಟಿ ಇಟ್ಟ ಆಣೆ ಹಾಗಲ್ಲ. ಅದು ಸುಳ್ಳಾದರೆ ವರ್ಷ ತಿರುಗುವುದರೊಳಗೆ ಆ ಮಗು ಉಳಿಯುವುದಿಲ್ಲ ಎಂದು ಅಲ್ಲಿ ಹುಟ್ಟಿದವರೆಲ್ಲ ನಂಬಿದ್ದರು. ಪುಟ್ಟತಾಯಮ್ಮನೂ ನಂಬಿದ್ದಳು.

ಪಾಪದ ಸೊಸೆ ರಂಗಲಕ್ಷ್ಮಮ್ಮ ಅತ್ತೆಗೆ ಬಂದ ಅವಮಾನ ತಡೆಯಲಾರದೆ ಮುಂದೆ ಬಂದಳು. ಇಡಿ ಅತ್ತೆ, ಇವನ ತಲೆ ಮುಟ್ಟಿ ಇಡಿ, ನಿಮ್ಮ ಬಾಯಲ್ಲಿ ಸುಳ್ಳು ಬರುತ್ತಾ ಎಂದು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಚಾಚಿದಳು. ಮಗು ಅಜ್ಜಿಯನ್ನು ಕಂಡು ಕಾಲು ಬಡಿದು ನಕ್ಕಿತು. ಪುಟ್ಟತಾಯಮ್ಮನ ಕೈ ಅರ್ಧ ಮೇಲೆದ್ದು ನಿಂತಿತು. ಒಂದು ಗಳಿಗೆ ಅವಳು ನಿಜ ಹೇಳಿಬಿಡುತ್ತಾಳೆ ಅನ್ನಿಸಿತು. ಬಾಯೂ ತೆರೆದಿತ್ತು. ಆಮೇಲೆ ಸೆಟೆದ ಕತ್ತಿನ ಜೊತೆಗೆ ಇಡೀ ಮೈಯನ್ನು ತಿರುಗಿಸಿ, ಕೆಳಗೆ ಕೂತಿದ್ದ ಹನುಮಕ್ಕನ ಕಡೆಗೆ ಹೆಜ್ಜೆಯಿಟ್ಟಳು.

"ಮೊಮ್ಮಗ ಯಾರೋ ಹೆತ್ತ ಕೂಸು. ಅದ್ರ ತಲೆ ಮುಟ್ಟೋದು ಏನು ದೊಡ್ಡದು? ನಾ ಹೆತ್ತಿರೋದು ಇವ್ಳು. ಇವ್ಳ ತಲೆ ಮ್ಯಾಲಾಣೆ, ನಾನು ಹಳ್ಳ ದಾಟಿಲ್ಲ. ಆ ನೀರು ಮುಟ್ಟಿಲ್ಲ."

ಮಗಳ ನೆತ್ತಿಯ ಮೇಲೆ ಪೂರ್ತಿ ಹಸ್ತ ಊರಿ ಹೇಳಿದಳು. ಜನ ದಂಗಾಗಿಹೋದರು. ಹೆತ್ತವಳು ಹೆತ್ತ ಮಗಳ ತಲೆ ಮುಟ್ಟಿ ಸುಳ್ಳು ಹೇಳುತ್ತಾಳೆಯೇ? ಎಂಥ ಧೈರ್ಯದ ಹೆಂಗಸು ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ಮಡಿಲಲ್ಲಿ ಕೂಸಿದ್ದ ಹೆಂಗಸರು ನಿಟ್ಟುಸಿರು ಬಿಟ್ಟು ಎದ್ದರು, ಇಬ್ಬರು ಅಲ್ಲೇ ಬೋರಿಂಗಿನಲ್ಲಿ ಬಿಂದಿಗೆ ತುಂಬಿಕೊಂಡು ಮನೆಗೆ ಹೋದರು. ರಾಮಾಂಜಿನಯ್ಯ ಹುಡುಗಿಗೆ ಬುದ್ಧಿ ಹೇಳು ಅಕ್ಕಯ್ಯ ಎಂದು ಟವೆಲು ಕೊಡವಿ ಕಟ್ಟೆಯಿಂದಿಳಿದ. ಸೊಸೆ ಮಗುವನ್ನೆತ್ತಿಕೊಂಡು ದೀಪ ಹಚ್ಚಲು ಓಡಿದಳು.

ಕಟ್ಟೆಯ ಹತ್ತಿರ ತಾಯಿ ಮಗಳು ಇಬ್ಬರೇ ಉಳಿದರು. ಹನುಮಕ್ಕ ಅಳಲಿಲ್ಲ, ತಲೆಯನ್ನೂ ಕೊಡವಲಿಲ್ಲ. ಅವ್ವನ ಕೈ ತಾನಾಗಿಯೇ ಜಾರುವ ತನಕ ಕಾದು, ಕೋಲು ಊರಿ ಕಷ್ಟಪಟ್ಟು ಎದ್ದಳು.

"ಕೈ ಒಂಚೂರೂ ನಡುಗ್ಲಿಲ್ವಲ್ಲವ್ವ," ಎಂದಳು.

ಮಗಳು ಬೀದಿಯ ತಿರುವು ದಾಟುವವರೆಗೆ ಪುಟ್ಟತಾಯಮ್ಮ ಅಲ್ಲೇ ನಿಂತಿದ್ದಳು. ಹೊತ್ತು ಮುಳುಗಿತ್ತು, ಮಗು ಮಲಗುವ ಮುಂಚೆ ನೀರು ಕೇಳುತ್ತದೆ. ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು ಅವಳು ಹಿತ್ತಲಿಗೆ ಹೋಗಿ, ತಂಬಿಗೆಯನ್ನು ಸೆರಗಿನಡಿ ಇಟ್ಟುಕೊಂಡು ಹಳ್ಳ ಇಳಿದಳು.